ಒಂದೇ ಬಾಟಲಿಯ ಕಪ್ಪೆಗಳು

ಅಜೆಕಾರಿನ ಪಾಸ್ಕಲ್ ಮಣಿಪಾಲದ ಕಾಲೇಜೊಂದರ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಮೂವತ್ತೊಂದು ವರ್ಷಗಳಿಂದ ಅಟೆಂಡರ್. ಹಾವು, ಏಡಿ, ಕಪ್ಪೆ, ಏನು ಸಿಕ್ಕಿದರೂ ಕೆಡದಂತೆ ಫಾರ್ಮಲಿನ್‌ಗೆ ಹಾಕಿ, ಚೀಟಿ ಅಂಟಿಸಿ, ಕಪಾಟಿನಲ್ಲಿ ಜೋಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಪ್ರೊಫೆಸರುಗಳು ಬಂದರು, ಪ್ರಬಂಧ ಬರೆದರು, ಹೆಸರು ಮಾಡಿಕೊಂಡು ಹೋದರು. ಒಂದರಲ್ಲಾದರೂ ಪಾಸ್ಕಲರ ಹೆಸರಿಲ್ಲ. ಅದನ್ನು ಹೇಗೋ ನುಂಗಿಕೊಂಡಿದ್ದರು. ಆದರೆ ಭೋಜ ಎಂಬವನೊಬ್ಬನ ಹೆಸರು ಬರುವುದೆಂದರೆ?

ಭೋಜ ಕಾರ್ಕಳದ ಹತ್ತಿರ ಗದ್ದೆ ಮಾಡಿಕೊಂಡಿರುವವನು. ಅವನ ಮನೆಯ ಹಿಂದಿನ ಪಾದೆಕಲ್ಲಿನ, ಎಂದರೆ ಬಯಲು ಬಂಡೆಯ, ಹೊಂಡದಲ್ಲಿ ಮಳೆಗಾಲಕ್ಕೆ ಕೂಗುವ ಪುಟ್ಟ ಕಪ್ಪೆ ಹೊಸ ಪ್ರಭೇದವಂತೆ! ಸಂಶೋಧಕಿ ಚೈತಾಲಿ ಮೇಡಂ ಅದಕ್ಕೆ ಅವನ ಹೆಸರನ್ನೇ ಇಡುತ್ತಾರಂತೆ!

"ಅದರಲ್ಲಿ ಹೊಸತು ಎಂತ ಉಂಟು ಮೇಡಂ? ಗದ್ದೆಯ ಕಪ್ಪೆಯ ಹಾಗೆಯೇ ಉಂಟಲ್ಲ?" ಎಂದು ಪಾಸ್ಕಲ್ ಕೇಳಿಯೇಬಿಟ್ಟರು.

"ನೋಡ್ಲಿಕ್ಕೆ ಹಾಗೆಯೇ, ಕಾಲ್ಬೆರಳು ಅಳೆದರೆ ಮಾತ್ರ ಸ್ವಲ್ಪ ವ್ಯತ್ಯಾಸ. ಮೊದಲು ಎರಡೂ ಒಂದೇ ಇದ್ದದ್ದು. ಕೆಲವು ಪಾದೆಯ ಮೇಲೆ ಪ್ರತ್ಯೇಕವಾಗಿ ಉಳಿದವು. ಲಕ್ಷಗಟ್ಟಲೆ ವರ್ಷಗಳಲ್ಲಿ ಕೂಗು ಸ್ವಲ್ಪ ಸ್ವಲ್ಪವೇ ಬದಲಾಯಿತು. ಈಗ ಪಾದೆಯ ಗಂಡು ಎಷ್ಟು ಕೂಗಿದರೂ ಗದ್ದೆಯ ಹೆಣ್ಣು ಬರುವುದಿಲ್ಲ. ಕೂಡುವುದೇ ಇಲ್ಲ ಅಂದರೆ ಬೇರೆ ಪ್ರಭೇದವೇ ಅಲ್ವಾ? ಕೂಗು ಬೇರೆ ಅಂತ ಮೊದಲು ಹೇಳಿದ್ದು ಭೋಜಣ್ಣ."

ಪಾಸ್ಕಲರ ಹೊಟ್ಟೆ ಉರಿಯಿತು. ಬಾಟಲಿಯ ಕಪ್ಪೆ ಕೂಗುತ್ತದೆಯೇ? ಮನೆಯಲ್ಲಿ ಮಲಗಿ ಕಿವಿ ತೆರೆದಿಟ್ಟವನಿಗೆ ಈ ಭಾಗ್ಯ!

ಮರುವಾರ ಮೇಡಂ ಹಳೆಯ ಸಂಗ್ರಹ ನೋಡಲು ಬಂದರು, ಜೊತೆಗೆ ಭೋಜನೂ ಬಂದ. 'ಗದ್ದೆ ಕಪ್ಪೆ, 2004' ಎಂದು ಬರೆದಿದ್ದ ದೊಡ್ಡ ಬಾಟಲಿಯಿಂದ ಒಂದೊಂದನ್ನೇ ತೆಗೆದು ಕಾಲ್ಬೆರಳು ಅಳೆದ ಮೇಡಂ, ಐದನ್ನು ಪಕ್ಕಕ್ಕಿಟ್ಟರು.

"ಪಾಸ್ಕಲರೇ, ಇವು ಅದೇ! ಇಪ್ಪತ್ತು ವರ್ಷ ಮೊದಲೇ ನೀವು ಹಿಡಿದಿದ್ದೀರಿ. ಯಾವ ಊರಿನದ್ದು ಅಂತ ಹೇಳಿ, ಅದಿಲ್ಲದೆ ದಾಖಲೆ ಆಗುವುದಿಲ್ಲ. ನಿಮ್ಮ ಹೆಸರನ್ನೇ ಇಡುವ."

ಪಾಸ್ಕಲರ ಎದೆ ಹಿಗ್ಗಿತು, ಮರುಕ್ಷಣವೇ ಕುಸಿಯಿತು. ಆ ವರ್ಷ ಫಾರ್ಮಲಿನ್ ಸಾಲದೆ, ಎಲ್ಲ ಒಂದೇ ಅಲ್ಲವೇ ಎಂದು ಒಂಬತ್ತು ಊರಿನ ಕಪ್ಪೆಗಳನ್ನು ಈ ಬಾಟಲಿಗೆ ಸುರಿದು, ಊರಿನ ಚೀಟಿಗಳನ್ನು ಕಸದ ಬುಟ್ಟಿಗೆ ಹಾಕಿದವರು ಅವರೇ.

ಅವರು ತಡವರಿಸುವುದನ್ನು ಕಂಡು ಭೋಜ ಹತ್ತಿರ ಬಂದು ಪಿಸುಗುಟ್ಟಿದ. "ನಮ್ಮ ಪಾದೆಯದ್ದೇ ಅಂತ ಹೇಳಿ ಪಾಸ್ಕಲ್ ಪೊರ್ಬುಗಳೇ. ನೀವು ಆಗ ನಮ್ಮ ಕಡೆಗೆ ಬರ್ತಾ ಇದ್ರಲ್ಲ. ನನಗೆ ಹೆಸರು ಎಂತಕ್ಕೆ?"

ಮಾತಿನಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಪಾಸ್ಕಲರಿಗೆ ಸಹಿಸಲಾಗದೆ ಹೋದದ್ದು ಅದೇ. ಮೂವತ್ತೊಂದು ವರ್ಷ ತಾವು ಬಾಯಿಬಿಟ್ಟುಕೊಂಡು ಕಾದದ್ದನ್ನು ಈ ಮನುಷ್ಯ ಗೊನೆಯಿಂದ ಬಾಳೆಹಣ್ಣು ಕಿತ್ತುಕೊಟ್ಟ ಹಾಗೆ ಕೊಡುತ್ತಿದ್ದಾನೆ!

"ಎಲ್ಲಿಯದ್ದು ಅಂತ ಗೊತ್ತಿಲ್ಲ ಮೇಡಂ. ಚೀಟಿ ನಾನೇ ಬಿಸಾಡಿದ್ದು."

"ಎಷ್ಟು ಪ್ರಾಮಾಣಿಕರು ನೀವು!" ಎಂದರು ಮೇಡಂ. ಭೋಜನೂ ತಲೆಯಾಡಿಸಿದ.

ಪಾಸ್ಕಲ್ ಮುಖ ಎತ್ತಲಿಲ್ಲ. ಪ್ರಾಮಾಣಿಕತೆಯೂ ಇಲ್ಲ, ಮಣ್ಣೂ ಇಲ್ಲ. ಭೋಜ ಬಿಟ್ಟುಕೊಟ್ಟ ಹೆಸರನ್ನು ಹೊತ್ತುಕೊಂಡು ಬದುಕುವುದು ತಮ್ಮಿಂದಾಗದು ಎನ್ನಿಸಿತ್ತು, ಅಷ್ಟೇ.