ಹಳದಿಗೆ ತಿರುಗಿದ ಆರತಿ

ಸೂಗಮ್ಮ ವಿಜ್ಞಾನ ಕಲಿತದ್ದು ಉರ್ದುವಿನಲ್ಲಿ, ಕಲಿಸಿದ್ದು ಕನ್ನಡದಲ್ಲಿ. ಹುಮನಾಬಾದಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವಳು ವಿಜ್ಞಾನದ ಟೀಚರು, ನಾನು ಕನ್ನಡದವಳು. ಎಂಬತ್ತರ ದಶಕದಲ್ಲಿ ಇಬ್ಬರೂ ನಿವೃತ್ತರಾಗುವವರೆಗೆ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ.

ಐವತ್ತಾರರಲ್ಲಿ ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ, ಪಾಠವೆಲ್ಲ ಕನ್ನಡವಾದಾಗ, ಒಂದು ಸಂಜೆ ಬಂದು ಬಾಗಿಲು ಬಡಿದಳು.

"ರುಕ್ಮಿಣಿ, ತೇಜಾಬಕ್ಕ ಕನ್ನಡದಾಗ ಏನಂತಾರ?"

"ಆಮ್ಲ."

"ಆಮ್ಲ ಅಂದ್ರ?"

"ಹುಳಿ ಇರೋದು."

"ಹಂಗಾದ್ರ ಹುಳಿ ಅಂತನ ಬರೀಬಾರದೇನು? ಹುಡುಗ್ಯಾರಿಗಿ ಎರಡೆರಡು ಸಲ ಯಾಕ ಕಲಿಸಬೇಕು?"

ನನಗೆ ಸಿಟ್ಟು ಬಂತು. ಪುಸ್ತಕ ಬರೆದವಳು ನಾನೇನು! ಆದರೂ ಆ ವರ್ಷವೆಲ್ಲ ದಿನಾ ಸಂಜೆ ಕೂತು ಅವಳ ಪಾಠವನ್ನು ಕನ್ನಡಕ್ಕೆ ತಂದೆವು.

ಅವಳ ಹುಟ್ಟೂರು ಬಸವಕಲ್ಯಾಣ. ಅವಳು ಹುಟ್ಟಿದಾಗ ಊರಿಗೆ ಇನ್ನೂ ಕಲ್ಯಾಣಿ ಅನ್ನುತ್ತಿದ್ದರು. ಚಿಕ್ಕವಳಿದ್ದಾಗಲೇ ಮದುವೆಯಾಗಿ, ಗಂಡ ವಾಂತಿಭೇದಿಗೆ ತೀರಿಕೊಂಡ. ಬಟ್ಟೆ ಅಂಗಡಿಯ ಅಪ್ಪ ಯಾರ ಮಾತಿಗೂ ಬಗ್ಗದೆ ಮಗಳನ್ನು ಓದಿಸಿದ. ಅವಳ ಹಣೆಗೆ ವಿಭೂತಿ ಮಾತ್ರ. ತೊಟ್ಟಿಲಿರಲಿ, ಬಸುರಿಯ ಕುಬಸವಿರಲಿ, ಯಾರಾದರೂ ಹೇಳುವ ಮೊದಲೇ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಅದನ್ನು ಕಂಡರೆ ನನ್ನ ಮೈ ಉರಿಯುತ್ತಿತ್ತು. ನಮ್ಮದು ಶರಣರ ಸೀಮೆ, ಶಕುನ ಗಿಕುನ ನಾವು ನಂಬುವವರಲ್ಲ. ಬಾಯಿಂದ ನಂಬುವುದಿಲ್ಲ, ಅಷ್ಟೇ.

ಕ್ಲಾಸಿನಲ್ಲಿ ಮಾತ್ರ ಅವಳು ಬೇರೆಯೇ ಹೆಂಗಸು. ಲಿಟ್ಮಸ್ ಕಾಗದ ಬಂದರೆ ಬಂತು, ಬರದಿದ್ದರೆ ಅದಕ್ಕೂ ಅವಳು ಕಾಯುತ್ತಿರಲಿಲ್ಲ. ಹಳೆ ಕಾಗದದ ಚೂರುಗಳನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದಳು. ಸುಣ್ಣದ ನೀರು ತಾಗಿಸಿದರೆ ಚೂರು ಕೆಂಪು, ಅದರ ಮೇಲೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ವರಾಂಡದ ಕಲ್ಲಿನ ಮೇಲೆ ಸೊನ್ನೆಯಿಂದ ಹದಿನಾಲ್ಕರವರೆಗೆ ಸೀಮೆಸುಣ್ಣದಿಂದ ಗೆರೆ ಎಳೆದು ಹುಡುಗಿಯರನ್ನೇ ನಿಲ್ಲಿಸುತ್ತಿದ್ದಳು. ನಿಂಬೆಹಣ್ಣಿನವಳು ಎರಡರ ಮೇಲೆ, ಹುಣಸೆಯವಳು ಅವಳ ಮಗ್ಗುಲಿಗೆ, ಹಾಲಿನವಳು ಏಳರ ಈಚೆಗೆ, ಸುಣ್ಣದವಳು ದೂರ ಹನ್ನೆರಡರ ಮೇಲೆ. "ಇದ ಪಿಎಚ್ ಅಂದ್ರ. ಏಳು ನಡುವ. ಈ ಕಡಿ ಹುಳಿ, ಆ ಕಡಿ ಸುಣ್ಣ. ಎಂಟು ದಾಟೋತನಕ ಅರಿಶಿಣ ತನ್ನ ಬಣ್ಣ ಬಿಡಂಗಿಲ್ಲ." ಗೋಲಿ ಸೋಡಾ ತರಿಸಿ, ಗಾಳಿ ನೀರಿಗಿಳಿಯುವುದೂ ನೀರಿನಿಂದ ಏಳುವುದೂ ಬರಾಬರಿ ಆದಾಗ ಬಾಟಲಿ ಸುಮ್ಮನಿದ್ದಂತೆ ಕಾಣುತ್ತದೆ, ಒಳಗೆ ಎರಡೂ ನಡೆದೇ ಇರುತ್ತವೆ ಎಂದು ಹೇಳುತ್ತಿದ್ದಳು. ಪಾಠ ಮುಗಿದ ಮೇಲೆ ಸೋಡಾ ಹಂಚುತ್ತಿದ್ದಳು, ಹೀಗಾಗಿ ಸಮತೋಲನದ ಪಾಠಕ್ಕೆ ಒಬ್ಬಳೂ ಗೈರುಹಾಜರಾಗುತ್ತಿರಲಿಲ್ಲ.

ಭಾಗಮ್ಮ ಆ ಸುಣ್ಣದ ಜಾಗದಲ್ಲಿ ನಿಲ್ಲುತ್ತಿದ್ದ ಹುಡುಗಿ. ತಾಯಿ ಇಲ್ಲದವಳು. ಮೆಟ್ರಿಕ್ ಮುಗಿದದ್ದೇ ದುಬಲಗುಂಡಿಯ ನಾಗನಾಥನಿಗೆ ಕೊಟ್ಟು ಮದುವೆ ಮಾಡಿದರು. ಹುಮನಾಬಾದಿನಲ್ಲೇ ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿತ್ತು. ಗಂಡನ ಮನೆ ತುಂಬಿಸಲು ಜೊತೆಗೆ ಮುತ್ತೈದೆ ಬೇಕು ಅಂತ ನನ್ನನ್ನು ಕರೆದರು. ಸೂಗಮ್ಮಕ್ಕೋರೂ ಬರಬೇಕು ಎಂದು ಭಾಗಮ್ಮ ಹಟ ಹಿಡಿದಳು. ಸೂಗಮ್ಮ ಒಲ್ಲೆ ಒಲ್ಲೆ ಎನ್ನುತ್ತಲೇ ಬಸ್ಸು ಹತ್ತಿದಳು.

ನಾಗನಾಥನ ತಾಯಿ ಕಸ್ತೂರಿಬಾಯಿ ಕೆಟ್ಟವಳೇನಲ್ಲ, ಆದರೆ ತನ್ನ ಹಿತ್ತಾಳೆ ಪಾತ್ರೆಗಳ ಮೇಲೆ ವಿಪರೀತ ಅಭಿಮಾನ. ಹೊಸ ಸೊಸೆ ಬರುತ್ತಾಳೆಂದು ನಕ್ಷೆ ಕೆತ್ತಿದ ಆರತಿ ತಟ್ಟೆಗೆ ಹುಣಸೆಹಣ್ಣು ಮೆತ್ತಿ ತಿಕ್ಕಿ ಬಂಗಾರದ ಹಾಗೆ ಹೊಳೆಸಿದ್ದಳು. ಚೊಂಬಿನಲ್ಲಿ ಅರಿಶಿನ, ಸುಣ್ಣ ಕಲಸಿದ ನೀರು ಕೆಂಪಗೆ ಇತ್ತು. ಮದುಮಕ್ಕಳು ಹೊಸ್ತಿಲ ಮುಂದೆ ನಿಂತರು. ಕಸ್ತೂರಿಬಾಯಿ ನೀರನ್ನು ತಟ್ಟೆಗೆ ಹೊಯ್ದು ಆರತಿ ಎತ್ತಿದಳು. ಒಂದು ಸುತ್ತು ಬಂತು, ಎರಡನೆಯದು ಬರುವಷ್ಟರಲ್ಲಿ ತಟ್ಟೆಯೊಳಗಿನ ಕೆಂಪು ಕರಗಿ ಹಳದಿಯಾಗಿಬಿಟ್ಟಿತು.

ಎಲ್ಲರ ಕಣ್ಣೆದುರಿಗೇ. ಹಾಡುತ್ತಿದ್ದವರು ಬಾಯಿ ಮುಚ್ಚಿದರು.

"ಅಯ್ಯೋ ಶಿವನೆ! ಕೆಂಪಾರತಿ ಹಳದಿ ಆತು," ಎಂದಳು ಕಸ್ತೂರಿಬಾಯಿ. "ನಾ ಒಳಗ ಕರಕೊಳ್ಳಂಗಿಲ್ರಿ. ಅಪ್ಪನ ಮನೀಗಿ ಹೊಳ್ಳಿ ಒಯ್ರಿ. ಅಯ್ಯನವರಿಗಿ ಕೇಳಿ ನೋಡಮು."

ಹೊಸ್ತಿಲಿಂದ ಹೊಳ್ಳಿ ಹೋದ ಮದುಮಗಳನ್ನು ಯಾವ ಅಯ್ಯನವರು ಮತ್ತೆ ಕರೆಸುತ್ತಾರೆ? ಹುಡುಗಿಯ ಬದುಕು ಅಲ್ಲಿಗೆ ಮುಗಿದ ಹಾಗೆಯೇ. ನಾಗನಾಥನೆಂಬ ಮಹಾರಾಯ ಬಾಸಿಂಗ ಕಟ್ಟಿಕೊಂಡು ಕಂಬದ ಹಾಗೆ ನಿಂತಿದ್ದ.

ಎಲ್ಲರಿಗಿಂತ ಹಿಂದೆ, ಕಟ್ಟೆಯ ಹತ್ತಿರ ನಿಂತಿದ್ದ ಸೂಗಮ್ಮ ಕೇಳಿದಳು. "ತಾಟ ಹುಣಸಿಹಣ್ಣಿಲೆ ತಿಕ್ಕೀರೇನ್ರಿ ಬಾಯಿ? ನಕ್ಷಾದಾಗ ಹುಳಿ ಉಳದದ. ಹುಳಿ ಸುಣ್ಣದ ಜೋರು ಮುರೀತದ. ಅದಕ್ಕ ಹಳದಿ ಆಗ್ಯದ. ತೊಳದು ಇನ್ನೊಂದು ಸಲ ಹಾಕ್ರಿ."

ಹೇಳಿದ್ದು ಸರಿಯೇ, ಆದರೆ ಹೇಳಿದ್ದು ಯಾರಿಗೆ!

"ನನ್ನ ತಾಟ ಹೊಲಸದ ಅಂತೀರೇನು? ಆರತಿ ಆಗೋತನಕ ತಾಟ ತೊಳೆಯಂಗಿಲ್ಲ, ನಮ್ಮ ಮನ್ಯಾಗ ಪದ್ಧತಿ ಇಲ್ಲ." ತಿರುಗಿ ನೋಡಿದ ಕಸ್ತೂರಿಬಾಯಿಗೆ ಕಂಡದ್ದು ಆ ಬರಿ ವಿಭೂತಿಯ ಹಣೆ. "ಓಹೋ! ಈಗ ತಿಳೀತು. ಇಂಥಾಕಿ ಎದುರಿಗಿ ನಿಂತ ಮ್ಯಾಲ ಹಳದಿ ಆಗದೆ ಇನ್ನೇನಾಗ್ತದ?"

ಹೆಂಗಸರೆಲ್ಲ ಹೌದು ಹೌದು ಎಂದರು. ಅವರಿಗೂ ಹುಡುಗಿಯನ್ನು ಕಳಿಸುವ ಮನಸ್ಸಿರಲಿಲ್ಲ, ತಪ್ಪು ಹೊರಿಸಲು ಬೇರೆ ತಲೆ ಸಿಕ್ಕಿತು. ಈಕೆಯನ್ನು ಕಳಿಸಿ, ಹೊಸ ನೀರು ಕಲಸಿ, ಸೊಸೆಯನ್ನು ಒಳಗೆ ಕರೆದುಕೊಳ್ಳಿ ಎಂದು ತೀರ್ಮಾನವಾಗಿಹೋಯಿತು.

ಸೂಗಮ್ಮ ಚೀಲ ತೆಗೆದುಕೊಂಡು ಹೊರಟೇಬಿಟ್ಟಳು. ನಾನು ಓಡಿಹೋಗಿ ರಟ್ಟೆ ಹಿಡಿದೆ.

"ಬುದ್ಧಿ ಅದನೋ ಇಲ್ಲೋ ನಿನಗ?"

"ಹೋಗಲಿ ಬಿಡು," ಎಂದು ಪಿಸುಗುಟ್ಟಿದಳು. "ತಾಟಿನಾಗಿನ ಹುಳಿ ಇಷ್ಟೊತ್ತಿಗಿ ಆ ಸುಣ್ಣದ ಜೋಡಿ ಬಡದಾಡಿ ಖಲಾಸ್ ಆಗಿರಬೇಕು. ಎರಡನೇ ನೀರು ಬಹಳ ಮಾಡಿ ಕೆಂಪನ ನಿಂದರ್ತದ. ಹುಡುಗಿ ಒಳಗ ಹೋಗ್ತಾಳ."

"ನೀ ಹೋದ ಕೂಡಲೇ ಕೆಂಪಾತಂದ್ರ? ನಿನ್ನ ದೆಸಿಂದನ ಹಳದಿ ಆಗಿತ್ತಂತ ಸಾಯೋತನಕ ಅಂತಾರ!"

"ಅನ್ನಲಿ. ಹೊಸದೇನಲ್ಲ."

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಅಷ್ಟರಲ್ಲಿ ಹಿಂದಿನಿಂದ ಭಾಗಮ್ಮನ ದನಿ ಕೇಳಿತು. ಹೊಸ್ತಿಲ ಮುಂದೆ ನಿಂತ ಮದುಮಗಳು ಬಾಯಿ ತೆರೆಯುವುದೆಂದರೆ!

"ಅತ್ತಿಯವರ, ಅಕ್ಕೋರು ಹೋಗೋದು ಬ್ಯಾಡ್ರಿ. ನನ್ನ ಮಗ್ಗಲಿಗಿ ಬಂದು ನಿಂದರ್ಲಿ. ಆಮ್ಯಾಲ ನೀರು ಹಾಕ್ರಿ. ಮತ್ತ ಹಳದಿ ಆತಂದ್ರ ನೀವು ಕಳಸೋದ ಬ್ಯಾಡ, ನಾನ ಅವರ ಜೋಡಿ ಬಸ್ಸಿಗಿ ಹೋಗ್ತೀನಿ."

"ಹುಚ್ಚಿ, ಸುಮ್ಮನಿರು," ಎಂದಳು ಸೂಗಮ್ಮ.

"ಬರ್ರಿ ಅಕ್ಕೋರ."

ನಾನೇ ಕೈ ಹಿಡಿದು ಕರೆತಂದು ಭಾಗಮ್ಮನ ಪಕ್ಕಕ್ಕೆ ನಿಲ್ಲಿಸಿದೆ. ಕಸ್ತೂರಿಬಾಯಿಗೂ ಹಟ ಬಂದಿತ್ತು. ಹಳದಿ ನೀರನ್ನು ಚೆಲ್ಲಿ, ತಟ್ಟೆ ತೊಳೆಯದೆ, ಹೊಸದಾಗಿ ಅರಿಶಿನ, ಸುಣ್ಣ ಕಲಸಿ ಹೊಯ್ದಳು. ನಕ್ಷೆಯ ಗೆರೆಗಳ ಸುತ್ತ ಎಳೆಎಳೆಯಾಗಿ ಹಳದಿ ಎದ್ದಿತು. ಸೂಗಮ್ಮ ಕಣ್ಣು ಮುಚ್ಚಿಕೊಂಡಳು. ಆ ಎಳೆಗಳು ಹಾಗೇ ಕೆಂಪಿನಲ್ಲಿ ಕರಗಿದವು. ಕಸ್ತೂರಿಬಾಯಿ ಸುತ್ತುಗಳನ್ನೆಲ್ಲ ಮುಗಿಸಿದಳು, ಬೇಕೆಂದೇ ನಿಧಾನವಾಗಿ. ನೀರು ಕೆಂಪಾಗಿಯೇ ಇತ್ತು.

"ನಾ ತಾಟ ಅರಬಿಲೆ ಒರಸಿದ್ದೆ, ಖರೇನ ಒರಸಿದ್ದೆ," ಎಂದಳು ಕಸ್ತೂರಿಬಾಯಿ, ಯಾರಿಗೋ ಹೇಳುವ ಹಾಗೆ. ಆಮೇಲೆ, "ಒಳಗ ಬರ್ರಿ. ಟೀಚರ, ನೀವೂ ಬರ್ರಿ," ಎಂದಳು.

ಸಂಜೆ ಬಸ್ಸಿನಲ್ಲಿ ನನಗೆ ಹಿಗ್ಗೋ ಹಿಗ್ಗು. "ಹ್ಯಾಂಗ ಕಲಿಸೀದಿ ನೋಡು ಹುಡುಗಿಗಿ! ಹುಳಿ ಖಲಾಸ್ ಆಗ್ಯದಂತ ಆಕೀಗೂ ಬರಾಬರ್ ಗೊತ್ತಿತ್ತು," ಎಂದೆ.

"ಗೊತ್ತಿರಲಿಲ್ಲ," ಎಂದಳು ಸೂಗಮ್ಮ. "ತಾಟಿನಾಗ ಎಷ್ಟು ಹುಳಿ ಉಳದದ ಅಂತ ನನಗ ಗೊತ್ತಿರಲಿಲ್ಲ, ಆಕೀಗಿ ಹ್ಯಾಂಗ ಗೊತ್ತಿರಬೇಕು? ಮತ್ತ ಹಳದಿ ಆಗಬಹುದಿತ್ತು, ರುಕ್ಮಿಣಿ. ಆಕೀಗಿ ಅದು ಗೊತ್ತಿತ್ತು. ಗೊತ್ತಿದ್ದೂ ನನಗ ಬಾ ಅಂದಳು."

ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹುಮನಾಬಾದು ಬರುವವರೆಗೂ ಅತ್ತಳು.