ಅಂಗೈ ಕೆಳಗೆ ಮಾಡಿದರೆ ಏನರ್ಥ?

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ನಮ್ಮ ಅಪಾರ್ಟ್‌ಮೆಂಟಿನ ಟೆನಿಸ್ ಕೋರ್ಟಿನಲ್ಲಿ, ಅಷ್ಟೂ ಜನರ ಎದುರು ನನ್ನ ಹೆಂಡತಿ ಎಡಗೈ ಚಾಚಿ, ಅಂಗೈ ಕೆಳಗೆ ಮಾಡಿ ತೋರಿಸಿದಳು. ನಾನು ಕೂತೆ.

ಮದುವೆಯಾಗಿ ಇಪ್ಪತ್ತೇಳು ವರ್ಷವಾದ ಗಂಡಸಿಗೆ ಆ ಕೈಯ ಅರ್ಥ ಒಂದೇ. ಬಾಯಿ ಮುಚ್ಚಿಕೊಂಡು ಕೂತ್ಕೊಳ್ಳಿ. ಅದುವರೆಗೆ ನಾನು ಬೇಲಿಯ ಪಕ್ಕ ನಿಂತು 'ಔಟ್, ಔಟ್' ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ನೋಡಲು ಬಂದವರು ಹಾಗೆ ಕೂಗಬಾರದಂತೆ. ನಿಯಮವಂತೆ. ಹೆಂಡತಿ ಆಡುವಾಗ ನಿಯಮ ಯಾರಿಗೆ ನೆನಪಿರುತ್ತದೆ?

ಕೂತು ಸುತ್ತ ನೋಡುತ್ತೇನೆ, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಅತ್ತ ನೆಟ್ ಹತ್ತಿರ ಇಬ್ಬರೂ ಕೈ ಕುಲುಕುತ್ತಿದ್ದಾರೆ. ಪಕ್ಕದಲ್ಲಿದ್ದವರನ್ನು ಕೇಳಿದೆ, "ಏನಾಯ್ತು?"

"ಮ್ಯಾಚ್ ಮುಗೀತಲ್ಲ ಸಾರ್. ನಿಮ್ಮ ಮನೆಯವ್ರು ಸೋತ್ರು."

ಟೆನಿಸ್‌ನಲ್ಲಿ ಅಂಗೈ ಕೆಳಗೆ ಮಾಡಿದರೆ 'ಚೆಂಡು ಒಳಗೇ ಬಿದ್ದಿದೆ' ಎಂದು ಅರ್ಥ. ಹೊರಗೆ ಬಿದ್ದರೆ ಬೆರಳು ಎತ್ತಬೇಕು. ಒಳಗೆ ಬಿದ್ದ ಚೆಂಡಿಗೆ ಸಾಮಾನ್ಯವಾಗಿ ಯಾರೂ ಕೈ ತೋರಿಸುವುದಿಲ್ಲ, ಸುಮ್ಮನೆ ಆಡುತ್ತಾರೆ. ಗೆರೆಯ ಮೇಲೆ ಬಿತ್ತೋ ಆಚೆ ಬಿತ್ತೋ ಎಂಬ ತಕರಾರಿನ ಚೆಂಡಿಗೆ ಮಾತ್ರ ಈ ಅಂಗೈ. ಇಷ್ಟು ವರ್ಷ ಹೆಂಡತಿಯ ಆಟ ನೋಡಿದ ನನಗೆ ಈ ಜ್ಞಾನೋದಯ ಆದದ್ದು ಅವಳು ಸೋತ ದಿನ.

ಗಿರಿಜಾಳನ್ನು ನಿಮಗೆ ಪರಿಚಯಿಸಿಬಿಡುತ್ತೇನೆ. ವಯಸ್ಸು ಐವತ್ತೆರಡು. (ಬರೆಯಬಹುದಾ ಎಂದು ಕೇಳಿದೆ. "ಬರೀರಿ, ಅದೇನು ಗುಟ್ಟಾ?" ಎಂದಳು.) ಹುಟ್ಟಿ ಬೆಳೆದದ್ದು ಪಟ್ಟಂದೂರು ಅಗ್ರಹಾರದಲ್ಲಿ, ರಾಗಿ ಬೆಳೆಯುತ್ತಿದ್ದ ಮನೆಯಲ್ಲಿ. ಅವಳು ಆಡುವ ಕೋರ್ಟು ಇರುವುದೇ ಅವರಪ್ಪನ ಹೊಲದ ಮೇಲೆ ಎಂದು ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಅವರ ಹೊಲದ ಮೇಲಿರುವುದು ಒಂದು ಐಟಿ ಕಂಪನಿಯ ಪಾರ್ಕಿಂಗ್ ಲಾಟು. ನಾವಿರುವುದು ಹೂಡಿಯಲ್ಲಿ.

ಕೆಲಸ ಹತ್ತಿರದಲ್ಲೇ ಒಂದು ಫ್ಯಾಕ್ಟರಿಯಲ್ಲಿ. ವಾಹನಗಳ ಬ್ರೇಕಿಗೆ ಬೇಕಾದ ಬಿಡಿಭಾಗಗಳನ್ನು ಮಾಡುವ ಕಡೆ ಕ್ವಾಲಿಟಿ ಇನ್‌ಸ್ಪೆಕ್ಟರ್. ಕೈಯಲ್ಲಿ ಒಂದು ಗೇಜು ಹಿಡಿದು ಕೂರುತ್ತಾಳೆ. ಅದರ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಎರಡೂ ಸರಿಯಿದ್ದರೆ ಪಾಸು. ಸ್ವಲ್ಪ ಅನುಮಾನ ಬಂದರೂ ಕೆಂಪು ಡಬ್ಬಿಗೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಮನೆಯಲ್ಲಿ ನನ್ನನ್ನೂ ಅದೇ ಕಣ್ಣಿನಿಂದ ನೋಡುತ್ತಾಳೆ ಎಂದು ಬೇರೆ ಹೇಳಬೇಕಿಲ್ಲ.

ಟೆನಿಸ್ ಬಂದದ್ದು ಮಗಳಿಂದ. ಮಗಳನ್ನು ಕೋಚಿಂಗಿಗೆ ಸೇರಿಸಿದೆವು. ಅವಳು ನಾಲ್ಕೇ ತಿಂಗಳಿಗೆ "ಬೋರ್" ಎಂದು ಬಿಟ್ಟಳು. ನೀರಿನ ಬಾಟಲಿ ಹಿಡಿದು ಬೆಂಚಿನ ಮೇಲೆ ಕೂತಿರುತ್ತಿದ್ದ ಅಮ್ಮ, "ಬ್ಯಾಟು ತಂದಾಗಿದೆಯಲ್ಲ, ಸುಮ್ನೆ ಯಾಕೆ ಬಿದ್ದಿರ್ಬೇಕು?" ಎಂದು ಎದ್ದಳು. ಮೊದಲ ಒಂದು ವರ್ಷ ಮಗಳ ಆ ಪುಟ್ಟ ಬ್ಯಾಟಿನಲ್ಲೇ ಆಡಿದಳು. ಈಗಲೂ ಅದನ್ನು ರ‍್ಯಾಕೆಟ್ ಎನ್ನುವುದಿಲ್ಲ, ಬ್ಯಾಟೇ.

ಆಮೇಲೆ ನಡೆದದ್ದು ಇತಿಹಾಸ. ಅಪಾರ್ಟ್‌ಮೆಂಟಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಟೂರ್ನಿಯ ಹೆಂಗಸರ ಸಿಂಗಲ್ಸ್ ಕಪ್ಪು ಎಂಟು ಸಲ ನಮ್ಮ ಮನೆಗೆ ಬಂದಿದೆ. ಒಂದರಲ್ಲಿ ನನ್ನ ಪೆನ್ನುಗಳಿವೆ, ಒಂದರಲ್ಲಿ ಒಣಮೆಣಸಿನಕಾಯಿ. ಅವಳ ಆಟದಲ್ಲಿ ಅಬ್ಬರವಿಲ್ಲ. ಚೆಂಡನ್ನು ಮೆಲ್ಲಗೆ ಇಲ್ಲೊಂದು, ಅಲ್ಲೊಂದು ಇಟ್ಟು, ಎದುರಿನವರನ್ನು ಓಡಿಸಿ ಓಡಿಸಿ ಸುಸ್ತು ಮಾಡುತ್ತಾಳೆ. ಆ ಸುಸ್ತು ನನಗೂ ಚೆನ್ನಾಗಿ ಗೊತ್ತು.

ಈ ವರ್ಷ ಫೈನಲ್‌ನಲ್ಲಿ ಎದುರಿಗೆ ನಿಂತದ್ದು ಶ್ರೇಯಾ. ಸಿ ಬ್ಲಾಕಿನ ಹುಡುಗಿ. ಇಪ್ಪತ್ಮೂರು ವರ್ಷ, ಈಗಷ್ಟೇ ವೈಟ್‌ಫೀಲ್ಡಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಸ್ಕೂಲಿನಲ್ಲಿದ್ದಾಗ ಭಾನುವಾರ ಬೆಳಿಗ್ಗೆ ಗಿರಿಜಾಳ ಜೊತೆ ಆಡಿಯೇ ಕಲಿತವಳು. "ಆಂಟಿ, ಆಂಟಿ" ಎಂದು ಬೆನ್ನ ಹಿಂದೆ ಸುತ್ತುತ್ತಿದ್ದ ಹುಡುಗಿ ಅವತ್ತು ಬಾಲ್ ಹೊಡೆದರೆ ಸದ್ದು ಗೇಟಿನವರೆಗೆ ಕೇಳುತ್ತಿತ್ತು.

ಮೊದಲ ಸೆಟ್ ಗಿರಿಜಾ, ಎರಡನೆಯದು ಶ್ರೇಯಾ. ಮೂರನೆಯದು ಎಳೆದು ಎಳೆದು ಕೊನೆಗೆ ಶ್ರೇಯಾಗೆ ಮ್ಯಾಚ್ ಪಾಯಿಂಟ್, ಅಂದರೆ ಇನ್ನೊಂದೇ ಅಂಕ ಬಂದರೆ ಅವಳು ಗೆದ್ದಂತೆ. ಶ್ರೇಯಾ ಬೀಸಿ ಹೊಡೆದಳು. ಚೆಂಡು ಉದ್ದಕ್ಕೆ ಬಂತು. ಹೊರಗೆ ಹೋಗುತ್ತದೆ ಎಂದು ಗಿರಿಜಾ ಅದನ್ನು ಮುಟ್ಟದೆ ಬಿಟ್ಟಳು. ಹಿಂದಿನ ಗೆರೆಯ ಹತ್ತಿರ ಬಿತ್ತು.

ಟೀವಿ ಟೆನಿಸ್‌ನಲ್ಲಾದರೆ ಗೆರೆ ಕಾಯಲು ಕ್ಯಾಮೆರಾ ಇರುತ್ತದೆ. ನಮ್ಮಲ್ಲಿ ಅಂಪೈರ್ ಕೂಡ ಇಲ್ಲ. ನಿಮ್ಮ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ನೀವೇ ಹೇಳಬೇಕು, ಎದುರಿನವರು ಒಪ್ಪಬೇಕು. ಅಂದರೆ ಗಿರಿಜಾ ಒಂದು ಬೆರಳು ಎತ್ತಿದ್ದರೆ ಸಾಕಿತ್ತು. ಮ್ಯಾಚ್ ಉಳಿಯುತ್ತಿತ್ತು. ಯಾರೂ ಒಂದು ಮಾತು ಆಡುತ್ತಿರಲಿಲ್ಲ.

ಅವಳು ಅಂಗೈ ಕೆಳಗೆ ಮಾಡಿದಳು. ನಾನು ಕೂತೆ. ಅದನ್ನಾಗಲೇ ಹೇಳಿದೆನಲ್ಲ.

ಶ್ರೇಯಾ ನೆಟ್ ಹತ್ತಿರ ಓಡಿ ಬಂದು, "ಆಂಟಿ, ನಂಗೂ ಡೌಟು. ಇನ್ನೊಂದ್ ಸಲ ಆಡೋಣ್ವಾ?" ಎಂದು ಕೇಳಿದಳಂತೆ. ಇವಳು, "ನನ್ ಕಡೆ ಬಿದ್ದಿದ್ ಬಾಲು, ನಾನ್ ಹೇಳಾಯ್ತು. ಹೋಗು, ಫೋಟೊ ತೆಗೆಸ್ಕೊ" ಎಂದಳಂತೆ.

ಅಸಲಿ ಮ್ಯಾಚ್ ಶುರುವಾದದ್ದು ಆಮೇಲೆ, ಗೇಟಿನಾಚೆಯ ಟೀ ಅಂಗಡಿಯಲ್ಲಿ. ನಮ್ಮ ಟೆನಿಸ್ ಅಭಿಮಾನಿಗಳ ಸಂಘದ ಕಾಯಂ ಕಚೇರಿ ಅದು. ದೊಡ್ಡ ದೊಡ್ಡ ಚಾಂಪಿಯನ್ನರಿಗೆಲ್ಲ ನಿವೃತ್ತಿ ಕೊಟ್ಟದ್ದು ಇದೇ ಬೆಂಚಿನ ಮೇಲೆ. "ಮೊಣಕಾಲು ಹೋಯ್ತು", "ಹಸಿವು ಸತ್ತಿದೆ", "ಹುಡುಗರಿಗೆ ದಾರಿ ಬಿಡ್ಬೇಕು". ಟೀ ಕುಡಿಯುತ್ತಾ ಈ ಮಾತುಗಳನ್ನು ನಾನೂ ಆಡಿದ್ದೇನೆ. ಆದರೆ ಅದೇ ಮಾತು ಮನೆಯ ಚಾಂಪಿಯನ್ ಬಗ್ಗೆ ಬಂದಾಗ ಟೀ ಗಂಟಲಲ್ಲಿ ಇಳಿಯುವುದಿಲ್ಲ.

ಸಂಘದ ಅಧ್ಯಕ್ಷರಂತಿರುವ ಮೂರ್ತಿ, ನಿವೃತ್ತ ಬ್ಯಾಂಕ್ ಮ್ಯಾನೇಜರ್, ತೀರ್ಪು ಕೊಟ್ಟೇಬಿಟ್ಟರು. "ನೋಡಿ ಸಾರ್, ಏಜ್ ಈಸ್ ಏಜ್. ಕಾಲು ಸ್ಲೋ ಆಗಿದೆ ಅಂದ್ರೆ ಒಪ್ಕೊಳ್ಳೋಣ. ಆದ್ರೆ ಆ ಬಾಲು ಔಟು. ಅದು ಕಾಣ್ಲಿಲ್ಲ ಅಂದ್ರೆ ಕಣ್ಣು ಹೋಗಿದೆ ಅಂತ ಅರ್ಥ. ಗಿರಿಜಾ ಮೇಡಂ ಟೈಮ್ ಮುಗೀತು."

ಕಣ್ಣು ಹೋಗಿದೆ! ಕಣ್ಣಿನಿಂದಲೇ ಅನ್ನ ತಿನ್ನುವ ಇನ್‌ಸ್ಪೆಕ್ಟರ್ ಬಗ್ಗೆ ಈ ಮಾತು. ನನಗೆ ಪಿತ್ತ ನೆತ್ತಿಗೇರಿತು. ಜಗಳಕ್ಕೇ ಹೋದೆ. ಅಷ್ಟರಲ್ಲಿ ಗೇಟಿನ ಸೆಕ್ಯುರಿಟಿ ಮಲ್ಲಣ್ಣ, ಸಿಂಧನೂರಿನ ಕಡೆಯವನು, ಟೀ ಲೋಟ ಕೆಳಗಿಟ್ಟು ಹೇಳಿದ: "ಸೋತವ್ರು ಯಾರಂತ ನನಗ ಗೊತ್ತ ಆಗ್ಲಿಲ್ರಿ ಸಾಹೇಬ್ರ. ಇಬ್ರೂ ನಕ್ಕೊಂತ ಬಂದ್ರು."

ಯಾರೂ ಅವನ ಮಾತಿಗೆ ಕಿವಿಗೊಡಲಿಲ್ಲ. ನಾನೂ ಅಷ್ಟೇ. ನನ್ನ ಗಮನ ಜೇಬಿನಲ್ಲಿದ್ದ ಫೋನಿನ ಮೇಲಿತ್ತು.

ಯಾಕೆಂದರೆ ನಾನು ವಿಡಿಯೊ ಮಾಡಿದ್ದೆ. ಸಾಮಾನ್ಯವಾಗಿ ನನ್ನ ವಿಡಿಯೊಗಳಲ್ಲಿ ಅರ್ಧ ನನ್ನ ಹೆಬ್ಬೆರಳೇ ಇರುತ್ತದೆ. ಈ ಸಲ ದೇವರು ದೊಡ್ಡವನು, ಗೆರೆ ಸ್ಪಷ್ಟವಾಗಿ ಬಂದಿತ್ತು. ಮನೆಗೆ ಬಂದು ದೊಡ್ಡದು ಮಾಡಿ, ನಿಧಾನ ಮಾಡಿ, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಚೆಂಡಿಗೂ ಗೆರೆಗೂ ನಡುವೆ ಎರಡು ಬೆರಳಿನಷ್ಟು ಜಾಗ. ಔಟ್! ನಾನು ಕೂಗಿದ್ದು ಸರಿ! ಇದನ್ನು ಈಗಲೇ ಟೆನಿಸ್ ಗ್ರೂಪಿಗೆ ಹಾಕಬೇಕು, ನನ್ನ ಹೆಂಡತಿ ಸೋತೇ ಇಲ್ಲ ಎಂದು ಇಡೀ ಅಪಾರ್ಟ್‌ಮೆಂಟಿಗೆ ಗೊತ್ತಾಗಬೇಕು.

ಗಿರಿಜಾ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಫೋನ್ ಮುಂದೆ ಹಿಡಿದೆ. ಕೈ ಒರೆಸಿಕೊಂಡಳು. ಕನ್ನಡಕ ಹಾಕಿಕೊಂಡಳು. ಒಂದು ಸಲ ನೋಡಿದಳು, ಎರಡು ಸಲ ನೋಡಿದಳು, ಮೂರನೇ ಸಲ ಫೋನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು. ಫ್ಯಾಕ್ಟರಿಯಲ್ಲಿ ಹೀಗೇ ನೋಡುತ್ತಾಳೇನೋ.

"ಔಟೇ," ಎಂದಳು.

"ಅಲ್ವಾ! ಗ್ರೂಪಿಗೆ ಹಾಕ್ತೀನಿ."

"ಹಾಕಿ ನೋಡಿ ನೀವು!"

"ಯಾಕೆ? ಔಟು ಅಂತ ನೀನೇ ಹೇಳ್ದೆ."

"ಈಗ ಹೇಳ್ದೆ. ಆಗ ಕಾಣ್ಲಿಲ್ಲ. ಬಿಟ್ಟಾಗ ಔಟ್ ಹೋಗುತ್ತೆ ಅನ್ಕೊಂಡೆ, ಬಿದ್ದಾಗ ಡೌಟ್ ಬಂತು. ಡೌಟ್ ಬಂದ್ರೆ 'ಇನ್', ಒಳಗೆ ಅಂತಲೇ ಲೆಕ್ಕ. ಅಷ್ಟೇ."

ನಾನು ಬಿಡಲಿಲ್ಲ. ಇಪ್ಪತ್ತು ವರ್ಷದಿಂದ ಕೇಳಿದ ಮಾತನ್ನೇ ಅಸ್ತ್ರ ಮಾಡಿಕೊಂಡೆ. "ಫ್ಯಾಕ್ಟರೀಲಿ ಡೌಟ್ ಬಂದ್ರೆ ಕೆಂಪು ಡಬ್ಬಿ ಅಂತೀಯ. ಕೋರ್ಟಲ್ಲಿ ಡೌಟ್ ಬಂದ್ರೆ ಪಾಸಾ? ಇದ್ಯಾವ ಸೀಮೆ ನ್ಯಾಯ?"

ಗಿರಿಜಾಗೆ ಕೋಪ ಬಂದರೆ ಪಟ್ಟಂದೂರು ಅಗ್ರಹಾರ ಬಾಯಿಗೆ ಬರುತ್ತದೆ, 'ಹ'ಕಾರಗಳೆಲ್ಲ ಉದುರಿಹೋಗುತ್ತವೆ. ಈಗಲೂ ಹಾಗೇ ಆಯಿತು.

"ಅಂಗಲ್ಲ ಕಣ್ರೀ. ಅಲ್ಲಿ ಮಾಲು ನಮ್ದು. ಡೌಟ್ ಇರೋದನ್ನ ಪಾಸ್ ಮಾಡಿದ್ರೆ ಬ್ರೇಕ್ ಇಡೀದೆ ಸಾಯೋನು ಇನ್ಯಾವನೋ. ಅದ್ಕೇ ರಿಜೆಕ್ಟು, ಲಾಸು ನಮಗೇ ಇರ್ಲಿ ಅಂತ. ಇಲ್ಲಿ ಬಾಲು ಆ ಮಗೂದು. ಡೌಟಲ್ಲಿ ಔಟು ಅಂದ್ರೆ ಲಾಸು ಅವಳಿಗೆ. ಅದ್ಕೇ 'ಇನ್'. ಎರಡೂ ಒಂದೇ ರೂಲು. ಡೌಟ್ ಬಂದ್ರೆ ಲಾಸು ನಮ್ ಕಡೆ ಇರ್ಬೇಕು. ಇಂಗೆ ಬಿಡಿಸಿ ಏಳ್ಬೇಕಾ ನಿಮಗೆ?"

ಹೇಳಿ, ಮತ್ತೆ ಹುರುಳಿಕಾಯಿ ಹೆಚ್ಚತೊಡಗಿದಳು.

ನಾನು ಅಲ್ಲೇ ನಿಂತೆ. ವಾರಕ್ಕೊಂದು ಅಂಕಣ ಬರೆದು ಜನರಿಗೆ ಬುದ್ಧಿ ಹೇಳುವವನು ನಾನು. ಇಷ್ಟು ವರ್ಷ ಬರೆದ ಅಷ್ಟೂ ಬುದ್ಧಿಮಾತನ್ನು ಒಟ್ಟು ಮಾಡಿದರೂ ಈ ಒಂದು ಮಾತಿನ ತೂಕಕ್ಕೆ ಬರುವುದಿಲ್ಲ ಅನಿಸಿತು.

ನೀವೇ ಯೋಚನೆ ಮಾಡಿ. ಅನುಮಾನ ಬಂದಾಗ ನಾವೆಲ್ಲ ಯಾವ ಕಡೆ ವಾಲುತ್ತೇವೆ? ಹೂಡಿ ಸಿಗ್ನಲ್‌ನಲ್ಲಿ ಹಳದಿ ದೀಪ ಬಂದರೆ ಎಷ್ಟು ಜನ ಬ್ರೇಕ್ ಒತ್ತುತ್ತೇವೆ, ಎಷ್ಟು ಜನ ಆಕ್ಸಿಲರೇಟರ್? ಕ್ಯೂನಲ್ಲಿ ಮೊದಲು ಬಂದವರು ಯಾರು ಎಂಬ ಅನುಮಾನ ಬಂದಾಗ "ನೀವೇ ಹೋಗಿ" ಎಂದವರನ್ನು ಕೊನೆಯ ಸಲ ಯಾವಾಗ ನೋಡಿದಿರಿ? ಆಫೀಸಿನಲ್ಲಿ ಇಬ್ಬರು ಸೇರಿ ಮಾಡಿದ ಕೆಲಸ ಯಾರದು ಎಂಬ ಪ್ರಶ್ನೆ ಬಂದರೆ ಮೊದಲು ಏಳುವ ಕೈ ಯಾರದು? ಎದುರು ಮನೆಯವರ ಚಪ್ಪಲಿ ಸ್ಟ್ಯಾಂಡು ನಮ್ಮ ಕಡೆ ಬಂದಿದೆಯೇ ಎಂಬ ಅನುಮಾನಕ್ಕೆ ಟೇಪು ಹಿಡಿದು ಅಳೆದ ಮಹಾನುಭಾವ ನಾನು. (ಮೂರು ಇಂಚು ಬಂದಿತ್ತು. ನಮ್ಮದು ಅವರ ಕಡೆ ನಾಲ್ಕು ಇಂಚು ಹೋಗಿತ್ತು. ಅದನ್ನು ಹೇಳಲಿಲ್ಲ.)

ಗೆರೆ ಕಾಯುವವರು ಯಾರೂ ಇಲ್ಲದಿದ್ದಾಗ, ಮ್ಯಾಚ್ ಪಾಯಿಂಟ್‌ನಲ್ಲಿ, ಗಂಡ ಬೇಲಿಯ ಆಚೆಯಿಂದ ಔಟ್ ಎಂದು ಕೂಗುತ್ತಿದ್ದಾಗ, ನನ್ನ ಹೆಂಡತಿ ಅಂಗೈ ಕೆಳಗೆ ಮಾಡಿದಳು. ನನಗೆ ಹೆಮ್ಮೆಯಾಯಿತು. ಎಂಟು ಕಪ್ಪು ತಂದಾಗಲೂ ಇಷ್ಟು ಆಗಿರಲಿಲ್ಲ. ಆಗೆಲ್ಲ ಊರಿಗೆ ಹೇಳಿಕೊಂಡು ತಿರುಗಿದ್ದೆ. ಈ ಸಲ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಒರೆಸಿಕೊಂಡೆ. ಈರುಳ್ಳಿ ಕೂಡ ಹೆಚ್ಚುತ್ತಿರಲಿಲ್ಲ ಅವಳು, ನೆಪ ಹೇಳೋಣವೆಂದರೆ.

ವಿಡಿಯೊ ಗ್ರೂಪಿಗೆ ಹೋಗಲಿಲ್ಲ. ಆದರೆ ಗಿರಿಜಾ ಅದನ್ನು ಮುಚ್ಚಿಡಲೂ ಇಲ್ಲ. ಮಾರನೇ ಸಂಜೆ ಶ್ರೇಯಾಳನ್ನು ಮನೆಗೆ ಕರೆದು ತಾನೇ ತೋರಿಸಿದಳು. ಹುಡುಗಿಯ ಮುಖ ಸಪ್ಪಗಾಯಿತು. "ಹಾಗಾದ್ರೆ ನಾನ್ ಗೆದ್ದೇ ಇಲ್ಲ ಆಂಟಿ. ಕಪ್ ವಾಪಸ್ ಕೊಡ್ತೀನಿ."

"ಸುಮ್ನಿರೇ. ನಾನು 'ಇನ್' ಅಂದಿದ್ದೀನಿ, ಅದು 'ಇನ್'ನೇ. ಆದ್ರೆ ಬಾಲು ಎರಡು ಬೆರಳು ಉದ್ದ ಹೋಗ್ತಿದೆ ನಿಂದು, ಮಣಿಕಟ್ಟು ಬೇಗ ತಿರುಗಿಸ್ತೀಯ. ಭಾನುವಾರ ಆರು ಗಂಟೆಗೆ ಬಾ, ಸರಿ ಮಾಡೋಣ. ಮುಂದಿನ ವರ್ಷ ಕಪ್ಪು ವಾಪಸ್ ಕಿತ್ಕೋತೀನಿ, ಆಗ ನೆಪ ಹೇಳ್ಬಾರ್ದು."

ಇದನ್ನೆಲ್ಲ ಬರೆಯಲು ಇಬ್ಬರ ಒಪ್ಪಿಗೆಯೂ ಸಿಕ್ಕಿದೆ. (ಮೂರ್ತಿಯವರ ಒಪ್ಪಿಗೆ ಕೇಳಿಲ್ಲ. ಅವರು ಇಂಗ್ಲಿಷ್ ಪೇಪರ್ ಮಾತ್ರ ಓದುವುದು ಎಂಬ ಧೈರ್ಯ.)

ಮುಂದಿನ ಭಾನುವಾರ ಟೀ ಅಂಗಡಿಗೆ ಹೋದೆ. ಒಳಗೆ ಕೋರ್ಟಿನಲ್ಲಿ ಗಿರಿಜಾ, ಶ್ರೇಯಾ ಇಬ್ಬರೂ ಆರರಿಂದ ಆಡುತ್ತಿದ್ದರು. ಚೆಂಡಿನ ಸದ್ದು ಗೇಟಿನವರೆಗೆ ಕೇಳುತ್ತಿತ್ತು. ಎರಡು ಕಡೆಯ ಸದ್ದೂ. ಮಲ್ಲಣ್ಣ ಅದನ್ನು ಕೇಳುತ್ತಾ ಗೇಟಿಗೆ ಒರಗಿ ನಿಂತಿದ್ದ. ಬೆಂಚಿನ ಹತ್ತಿರ ಮೂರ್ತಿ ಲೋಟ ಹಿಡಿದು ನಿಂತು ಭಾಷಣ ಮಾಡುತ್ತಿದ್ದರು. ನನ್ನನ್ನು ಕಂಡದ್ದೇ ತಡ, ಎಲ್ಲರ ಮುಂದೆ ಕೇಳಿದರು.

"ಬನ್ನಿ ಸಾರ್, ನೀವೇ ಹೇಳಿ. ಸುತ್ತಿಬಳಸಿ ಬೇಡ, ಒಂದೇ ಮಾತು. ಗಿರಿಜಾ ಮೇಡಂ ಔಟಾ, ಇನ್ನಾ?"

ಎಲ್ಲರೂ ನನ್ನನ್ನೇ ನೋಡಿದರು. ಮಾತು ಬೇಕೆನಿಸಲಿಲ್ಲ. ಕೈ ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ ತೋರಿಸಿದೆ.

ಮೂರ್ತಿ ತಕ್ಷಣ ಬೆಂಚಿನ ಮೇಲೆ ಕೂತುಬಿಟ್ಟರು.

ಪಾಪ, ಅವರಿಗೂ ಮದುವೆಯಾಗಿ ಮೂವತ್ತೈದು ವರ್ಷವಾಗಿದೆ.