ಹರೆಯದವರ ಉಸ್ತುವಾರಿ

ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಹೆಸರಿಗಿಂತ ಮೊದಲು ಉದ್ಯೋಗ ಕೇಳುವುದು ನಮ್ಮ ಆದವಾನಿಯ ಸನಾತನ ಶಿಷ್ಟಾಚಾರ. ಸಾರು ಬರುವುದರೊಳಗೆ ನೀವು ವಕೀಲರೋ, ದಲಾಲರೋ, ಬರೀ ಅಳಿಯಂದಿರೋ ಎಂಬುದು ಇತ್ಯರ್ಥವಾಗಬೇಕು. ಈ ಪರೀಕ್ಷೆಯಲ್ಲಿ ಸತತವಾಗಿ ಅನುತ್ತೀರ್ಣನಾದವನು ನಾನು. "ಹತ್ತಿ ಜಿನ್ನಿನ ಕಾರ್ಖಾನ್ಯಾಗ ದುಡಿಯೋ ಹುಡುಗ್ರನ್ನ ಸಂಜಿ ಮುಂದ ಬಯಲಾಗ ಸೇರಿಸ್ತೀನ್ರಿ. ಆಟ ಆಡಸ್ತೀನಿ, ಯುದ್ಧದ ಸುದ್ದಿ ಓದಿ ಹೇಳ್ತೀನಿ, ಜಗಳ ಬಿಡಸ್ತೀನಿ" ಎಂದು ನಾನು ಸವಿಸ್ತಾರವಾಗಿ ನಿವೇದಿಸಿದರೆ, "ಅದು ಇರ್ಲಿ ಬಿಡ್ರಿ, ಕೆಲ್ಸ ಏನ್ ಮಾಡ್ತೀರಿ?" ಎಂದು ಅವರು ಮತ್ತೆ ಕೇಳುತ್ತಿದ್ದರು.

ಹೀಗಿರಲು ನಮ್ಮ ಪುರಸಭೆಗೆ ಸದ್ಬುದ್ಧಿಯೊಂದು ಹುಟ್ಟಿತು: ಊರಿನ ತರುಣರ ಉಸ್ತುವಾರಿಗೆಂದೇ ಸಂಬಳದ ಹುದ್ದೆಯೊಂದನ್ನು ಸ್ಥಾಪಿಸಿ, ಅದಕ್ಕೆ ಒಬ್ಬನನ್ನು ಒಂದು ವರ್ಷದ ತರಬೇತಿಗೆ ಮದರಾಸಿಗೆ ಕಳಿಸುವುದು. ಆ ಒಬ್ಬ ನಾನೇ ಆಗಬೇಕೆಂದು ನನ್ನ ಪ್ರಾಣವೆಲ್ಲ ಹಾತೊರೆಯುತ್ತಿತ್ತು. ಈ ಠರಾವು ಪುರಸಭೆಯಲ್ಲಿ ಬಿದ್ದುಹೋದರೆ ಸೋದರಮಾವನ ಹತ್ತಿ ಅಂಗಡಿಯಲ್ಲಿ ಗುಮಾಸ್ತಿಕೆಯೇ ಗತಿ. ಗ್ರಹಚಾರ ನೋಡಿ, ಆ ಮಾವನೇ ಸಭೆಯ ಹಿರಿಯ ಸದಸ್ಯರು. ಉಳಿದವರು ಅವರ ಮುಖ ನೋಡಿ ಕೈ ಎತ್ತುವವರು.

ನಾನು ಅಂಗಡಿಗೆ ಹೋದಾಗ ಮಾವ ಪೆದ್ದಕಡುಬೂರಿನ ರೈತನೊಬ್ಬ ತಂದ ಹತ್ತಿಯ ಎಳೆಯನ್ನು ಎರಡು ಹೆಬ್ಬೆರಳುಗಳ ನಡುವೆ ಎಳೆದು ಪರೀಕ್ಷಿಸುತ್ತಿದ್ದರು.

"ಹುಡುಗ್ರನ್ನ ಆಡಸಾಕ ಮದರಾಸಿಗೆ ಹೋಗಿ ಕಲೀಬೇಕೇನೋ? ಕುರಿ ಕಾಯಾಂವ ಯಾವ ಪರೀಕ್ಷಾ ಪಾಸ್ ಮಾಡ್ಯಾನ?" ಎಂದರು.

"ಅಂವ ಅವರಪ್ಪನ ಹಿಂದ ತಿರುಗಿ ಕಲ್ತಾನ, ಮಾವ. ಈ ಎಳಿ ನೋಡಾಕ ನೀವು ತಾತನ ಕಡಿಂದ ಎಷ್ಟು ಬೈಸಿಕೊಂಡೀರಿ? ಹತ್ತಿಗೆ ಅಷ್ಟು ಕಲೀಬೇಕು, ನಮ್ಮ ಮಕ್ಕಳಿಗೆ ಬ್ಯಾಡೇನು?"

"ಬಾಯಿ ಬಾಳ ಐತಿ ನಿಂದು" ಎಂದಷ್ಟೇ ಹೇಳಿದ ಮಾವ, ಸಭೆಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದರು. ನನ್ನ ವಾಗ್ವೈಭವಕ್ಕೆ ಮನಸೋತರೆಂದು ನಾನು ಬೀಗಿದೆ. ಅಂಗಡಿಯನ್ನು ನನ್ನಿಂದ ಪಾರುಮಾಡಲು ಹಾಗೆ ಮಾಡಿದರೆಂದು ಅತ್ತೆಯ ಅಭಿಪ್ರಾಯ. ಎರಡೂ ನಿಜವಿರಬಹುದು.

ಮದರಾಸಿನಲ್ಲಿ ಡ್ರಿಲ್ಲು, ಪ್ರಥಮ ಚಿಕಿತ್ಸೆ ಎಲ್ಲ ಕಲಿಸಿದರೆಂಬುದು ಸರಿಯೇ, ಓದುಗ ಮಿತ್ರರೆ. ಆದರೆ ನಾನು ಬೆವರು ಸುರಿಸಿ ಕಲಿತದ್ದು ಸುಮ್ಮನಿರುವುದನ್ನು. ಮೊದಲೆಲ್ಲ ಇಬ್ಬರು ಹುಡುಗರು ಕೈ ಕೈ ಮಿಲಾಯಿಸಿದರೆ ನಡುವೆ ಹಾರಿ ಉಪದೇಶಾಮೃತ ಹರಿಸುತ್ತಿದ್ದವನು, ಈಗ ಸೋತವನ ಪಕ್ಕದಲ್ಲಿ ಕೂತು, ಅವನು ತಾನಾಗಿ ಬಾಯಿ ಬಿಡುವವರೆಗೆ ಕಾಯಬಲ್ಲೆ. ನನ್ನಂಥ ವಾಚಾಳಿಗೆ ಇದು ಸಣ್ಣ ವಿದ್ಯೆಯಲ್ಲ.

ಹುದ್ದೆಗೆ ಬಂದು ಒಂದು ಮಳೆಗಾಲ ಕಳೆದ ಮೇಲೆ, ಒಂದು ಸಂಜೆ ಮಾವ ಬಯಲಿಗೆ ಬಂದು ಆಟ ಮುಗಿಯುವವರೆಗೂ ಕಟ್ಟೆಯ ಮೇಲೆ ಕೂತರು. ಅವರ ಹಿರಿಮಗ ಚನ್ನಬಸವ, ಅಂಗಡಿ ಬೇಡ, ಬಾವನ ದಾರಿಯೇ ತನಗೂ ಬೇಕೆಂದು ಮನೆಯಲ್ಲಿ ಹಟ ಹಿಡಿದಿದ್ದನಂತೆ.

"ಈ ಕೆಲ್ಸಕ್ಕ ನಮ್ಮ ಚನ್ನಬಸವನ್ನ ಮದರಾಸಿಗೆ ಕಳಸಬೋದೇನು?" ಎಂದು ಮೆಲ್ಲಗೆ ಕೇಳಿದರು.

'ಕೆಲ್ಸ' ಎಂಬ ಮಾತು ಅವರ ಬಾಯಿಂದಲೇ ಬಂದದ್ದು ಕೇಳಿ ನನಗೆ ಕಣ್ಣು ತುಂಬಿ ಬಂತು. ಆದರೂ ವೃತ್ತಿ ವೃತ್ತಿಯೇ ತಾನೆ?

"ಮೊದ್ಲು ಆರು ತಿಂಗಳು ನನ್ನ ಹತ್ರ ಬಿಡ್ರಿ, ಮಾವ, ನೋಡ್ತೀನಿ" ಎಂದೆ. "ಎಲ್ಲಾರ ಕೈಲಿ ಆಗೋ ಕೆಲ್ಸ ಅಲ್ಲ ಇದು."